ಫಸ್ಟ್ ಬೇಸ್ ಸಿಗದ ಆಟಗಾರ: ಚಕ್ ಕಾನರ್ಸ್ ಬೇಸ್‌ಬಾಲ್‌ನಿಂದ ಸಿನಿಮಾಕ್ಕೆ ದಾಟಿದ ಪ್ರಕರಣ

1951ರ ಬೇಸ್‌ಬಾಲ್ ಸೀಸನ್ ಮುಗಿಯುವ ಹೊತ್ತಿಗೆ ಚಕ್ ಕಾನರ್ಸ್‌ಗೆ ಮೂವತ್ತು ತುಂಬಿ ಐದು ತಿಂಗಳು ಕಳೆದಿತ್ತು. ಆ ವರ್ಷ ಚಿಕಾಗೊ ಕಬ್ಸ್ ತಂಡದಲ್ಲಿ 66 ಪಂದ್ಯ ಆಡಿದ್ದರು. 201 ಸಲ ಬ್ಯಾಟ್ ಹಿಡಿದು ನಿಂತು 48 ಹಿಟ್ (ಔಟಾಗದೆ ಬೇಸ್ ಮುಟ್ಟಿಸುವ ಹೊಡೆತ) ಹೊಡೆದಿದ್ದರು, ಬೇಲಿ ದಾಟಿಸುವ ಹೊಡೆತ ಎನಿಸಿದ ಹೋಮ್ ರನ್ ಬರೀ 2. ಸರಾಸರಿ .239, ಅಂದರೆ ಸಾವಿರ ಸಲಕ್ಕೆ 239 ಹಿಟ್. ಫಸ್ಟ್ ಬೇಸ್, ಅಂದರೆ ಚೆಂಡು ಹೊಡೆದವನು ಮೊದಲು ಓಡಿ ಮುಟ್ಟಬೇಕಾದ ಜಾಗ, ಕಾಯುವವನಿಗೆ ಇದು ಸಾಲದು. ಓಡುವ ವೇಗ ಕಡಿಮೆಯಾದರೂ ಚಿಂತೆಯಿಲ್ಲ, ಚೆಂಡನ್ನು ಬೇಲಿಯಾಚೆ ಕಳಿಸಬೇಕು ಅನ್ನುವುದು ಆ ಜಾಗದ ಲೆಕ್ಕ. ಒಂದು ವರ್ಷದೊಳಗೆ ಇದೇ ಮನುಷ್ಯ ಸ್ಪೆನ್ಸರ್ ಟ್ರೇಸಿ ಇದ್ದ ಚಿತ್ರದಲ್ಲಿ ಪೊಲೀಸ್ ಕ್ಯಾಪ್ಟನ್ ಆಗಿ ಕಾಣಿಸಿಕೊಂಡರು. ಏಳು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಮನೆಮನೆಯ ಟಿವಿಯಲ್ಲಿ ರೈಫಲ್ ಹಿಡಿದು ನಿಂತಿದ್ದರು.

ಆಟ ಬಿಟ್ಟು ನಟನೆಗೆ ಹೋದ ಬೇಸ್‌ಬಾಲ್ ಆಟಗಾರರು ಇನ್ನೂ ಇದ್ದಾರೆ. ಜಾನ್ ಬೆರಾಡಿನೊ 1948ರಲ್ಲಿ ಕ್ಲೀವ್‌ಲ್ಯಾಂಡ್ ತಂಡದೊಂದಿಗೆ ವರ್ಲ್ಡ್ ಸೀರೀಸ್ ಗೆದ್ದು, 1963ರಿಂದ ಮೂರು ದಶಕ ಒಂದೇ ಆಸ್ಪತ್ರೆ ಧಾರಾವಾಹಿಯಲ್ಲಿ ಡಾಕ್ಟರ್ ಆಗಿದ್ದರು. ರಾನ್ ಶೆಲ್ಟನ್ ಮೇಲಿನ ಹಂತವಾದ ಮೇಜರ್ ಲೀಗ್ ಮುಟ್ಟದೆ, ಅದರ ಕೆಳಗಿನ ಮೈನರ್ ಲೀಗ್‌ನಲ್ಲೇ ಆಟ ಮುಗಿಸಿ ಚಿತ್ರಕಥೆಗಾರ, ನಿರ್ದೇಶಕರಾದರು. ಆದರೆ ದಾಟುವಿಕೆಯ ಒಂದೊಂದು ಹೆಜ್ಜೆಗೂ ಕಾರಣ ಹುಡುಕಿ ತೋರಿಸಬಹುದಾದ ಪ್ರಕರಣ ಕಾನರ್ಸ್ ಅವರದು. ಇದನ್ನು ಅದೃಷ್ಟದ ಕಥೆಯಾಗಿ ಹೇಳುವುದು ರೂಢಿ. ಅದೃಷ್ಟದ ಪಾಲು ಇದೆ, ನಿಜ. ಆದರೆ ಅವರನ್ನು ಸ್ಟುಡಿಯೊಗಳ ಊರಿಗೆ ತಂದು ಬಿಟ್ಟದ್ದು ಒಂದು ಹಿಂಬಡ್ತಿ. ಅಲ್ಲಿ ಕೆಲಸಕ್ಕೆ ಬಂದದ್ದು ಆಟದ ಮೈದಾನದಲ್ಲಿ ಯಾರೂ ಬೆಲೆ ಕಟ್ಟದಿದ್ದ ಗುಣಗಳು.

ಎಡಗೈಯವನಿಗೆ ಇರುವ ಜಾಗ

ಕಾನರ್ಸ್ ಹುಟ್ಟಿದ್ದು 1921ರ ಏಪ್ರಿಲ್ 10ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬ. ಅಪ್ಪ ಅಮ್ಮ ನ್ಯೂಫೌಂಡ್‌ಲ್ಯಾಂಡ್‌ನಿಂದ ವಲಸೆ ಬಂದವರು. ಇಟ್ಟ ಹೆಸರು ಕೆವಿನ್. ಆ ಹೆಸರು ಅವರಿಗೆ ಹಿಡಿಸಲಿಲ್ಲ. ಸೀಟನ್ ಹಾಲ್ ಕಾಲೇಜಿನ ತಂಡದಲ್ಲಿ ಫಸ್ಟ್ ಬೇಸ್‌ನಲ್ಲಿ ನಿಂತು 'ಇಲ್ಲಿಗೆ ಚಕ್ ಮಾಡು' ಎಂದು, ಅಂದರೆ ಚೆಂಡನ್ನು ಇತ್ತ ಎಸೆ ಎಂದು, ಸದಾ ಕೂಗುತ್ತಿದ್ದುದರಿಂದ ಚಕ್ ಎಂಬ ಹೆಸರು ಅಂಟಿಕೊಂಡಿತು. ಎತ್ತರ ಆರು ಅಡಿ ಐದು ಇಂಚಿಗೂ ಚೂರು ಹೆಚ್ಚು. ಎಡಗೈ ಬ್ಯಾಟಿಂಗ್, ಎಡಗೈ ಎಸೆತ.

ಎಸೆಯುವುದು ಎಡಗೈಯಲ್ಲಿ ಅನ್ನುವುದೇ ಇಡೀ ಪ್ರಕರಣದ ಬೇರು. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನಿಸಬಹುದು, ಏಕೆಂದರೆ ಕ್ರಿಕೆಟ್‌ನಲ್ಲಿ ಎಡಗೈಯ ಫೀಲ್ಡರ್ ಎಲ್ಲಿ ಬೇಕಾದರೂ ನಿಲ್ಲಬಹುದು. ಬೇಸ್‌ಬಾಲ್‌ನಲ್ಲಿ ಹಾಗಾಗುವುದಿಲ್ಲ. ಒಳಮೈದಾನದಲ್ಲಿ ಚೆಂಡು ಹಿಡಿದವನು ಹೆಚ್ಚಿನ ಸಲ ಎಸೆಯಬೇಕಾದದ್ದು ಫಸ್ಟ್ ಬೇಸ್ ಕಡೆಗೆ, ಅಂದರೆ ತನ್ನ ಎಡಕ್ಕೆ. ಬಲಗೈಯವನಿಗೆ ಅದು ಸಲೀಸು: ಹಿಡಿದ, ಹೆಜ್ಜೆ ಇಟ್ಟ, ಎಸೆದ. ಎಡಗೈಯವನು ಅದೇ ಎಸೆತಕ್ಕೆ ಮೈಯನ್ನೆಲ್ಲ ತಿರುಗಿಸಿಕೊಳ್ಳಬೇಕು, ಅಷ್ಟರಲ್ಲಿ ಓಟಗಾರ ಬೇಸ್ ಮುಟ್ಟಿರುತ್ತಾನೆ. ಹಾಗಾಗಿ ಸೆಕೆಂಡ್ ಬೇಸ್, ಶಾರ್ಟ್‌ಸ್ಟಾಪ್, ಥರ್ಡ್ ಬೇಸ್ ಮೂರೂ ಎಡಗೈಯವನಿಗೆ ಮುಚ್ಚಿದ ಬಾಗಿಲು. ಉಳಿಯುವುದು ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚಿಂಗ್, ಹೊರಮೈದಾನ, ಫಸ್ಟ್ ಬೇಸ್. ಕಾನರ್ಸ್ ಅವರಂಥ ಉದ್ದನೆಯ ಆಳಿಗೆ ಫಸ್ಟ್ ಬೇಸ್ ಹೇಳಿ ಮಾಡಿಸಿದ ಜಾಗ. ಒಂದು ಕಾಲು ಬೇಸ್ ಮೇಲಿಟ್ಟು ಇನ್ನೊಂದನ್ನು ಮುಂದೆ ಚಾಚಿದರೆ ಚೆಂಡು ಅರ್ಧ ಕ್ಷಣ ಮೊದಲೇ ಕೈಗೆ ಸಿಗುತ್ತದೆ, ಆ ಅರ್ಧ ಕ್ಷಣದಲ್ಲೇ ಔಟ್ ಇರುತ್ತದೆ. ಆದರೆ ಆ ಜಾಗ ಒಂದೇ. ಅಲ್ಲಿ ಬೇರೊಬ್ಬ ನಿಂತಿದ್ದರೆ ಪಕ್ಕಕ್ಕೆ ಸರಿದು ಆಡೋಣ ಎನ್ನುವಂತಿಲ್ಲ.

ಕಾನರ್ಸ್‌ರ ಕರಾರು ಇದ್ದ ಬ್ರೂಕ್ಲಿನ್ ಡಾಜರ್ಸ್‌ ತಂಡದಲ್ಲಿ ಆ ಜಾಗದಲ್ಲಿ ಗಿಲ್ ಹಾಜಸ್ ನಿಂತಿದ್ದರು. ಕಾನರ್ಸ್‌ಗಿಂತ ಮೂರು ವರ್ಷ ಚಿಕ್ಕವರು. 1948ರಲ್ಲಿ ಜಾಕಿ ರಾಬಿನ್ಸನ್ ಫಸ್ಟ್ ಬೇಸ್ ಬಿಟ್ಟು ಸೆಕೆಂಡ್ ಬೇಸ್‌ಗೆ ಹೋದ ಮೇಲೆ ಹಾಜಸ್ ಅಲ್ಲಿಗೆ ಬಂದವರು ಅಲ್ಲೇ ಊರಿಬಿಟ್ಟರು. 1950ರಲ್ಲಿ 32 ಹೋಮ್ ರನ್, 113 ರನ್‌ಗಳಿಗೆ ಕಾರಣ. ಅದೇ ಆಗಸ್ಟ್ 31ರಂದು ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್.

ಮೂರು ವರ್ಷ ಮಾಂಟ್ರಿಯಲ್, ಒಂದು ದಿನ ಬ್ರೂಕ್ಲಿನ್

ಕಾನರ್ಸ್ ಸಾಧಾರಣ ಆಟಗಾರ ಎಂದು ಬರೆದುಬಿಡುವವರಿದ್ದಾರೆ. ಡಾಜರ್ಸ್‌ನ ಮುಖ್ಯ ಮೈನರ್ ಲೀಗ್ ತಂಡ ಮಾಂಟ್ರಿಯಲ್ ರಾಯಲ್ಸ್‌ನಲ್ಲಿ ಅವರ ಲೆಕ್ಕ ನೋಡಿದರೆ ಹಾಗನ್ನಲಾಗದು. 1948ರಲ್ಲಿ ಸರಾಸರಿ .307, 17 ಹೋಮ್ ರನ್. 1949ರಲ್ಲಿ .319, 20 ಹೋಮ್ ರನ್, ಬ್ಯಾಟಿನಿಂದ 108 ರನ್ ಒಳಬಂದವು. 1950ರಲ್ಲಿ .290. ಮೇಜರ್ ಲೀಗ್‌ಗೆ ಒಂದು ಮೆಟ್ಟಿಲು ಕೆಳಗಿನ ಹಂತದಲ್ಲಿ ಇದು ಗಟ್ಟಿ ಆಟ. ಮೇಲಿನ ತಂಡದಲ್ಲಿ ಜಾಗ ಖಾಲಿ ಇದ್ದಿದ್ದರೆ ಕರೆ ಬಂದೇ ಬರುತ್ತಿತ್ತು.

ಕರೆ ಬಂದದ್ದು ಒಂದೇ ಸಲ ಕೈಗೂಡಿತು. 1949ರ ಮೇ 1ರಂದು ಎಬೆಟ್ಸ್ ಫೀಲ್ಡ್‌ನಲ್ಲಿ ಫಿಲಡೆಲ್ಫಿಯಾ ಎದುರು ಅವರನ್ನು ಪಿಂಚ್ ಹಿಟರ್ ಆಗಿ, ಅಂದರೆ ಇನ್ನೊಬ್ಬ ಬ್ಯಾಟರ್‌ನ ಬದಲಿಗೆ, ಕಣಕ್ಕಿಳಿಸಿದರು. ಹೊಡೆದ ಚೆಂಡು ಡಬಲ್ ಪ್ಲೇ ಆಯಿತು, ಒಂದೇ ಹೊಡೆತಕ್ಕೆ ಇಬ್ಬರು ಔಟ್. ಹುಟ್ಟೂರಿನ ತಂಡಕ್ಕೆ, ಚಿಕ್ಕಂದಿನಿಂದ ಆರಾಧಿಸಿದ ತಂಡಕ್ಕೆ, ಅವರು ಬ್ಯಾಟ್ ಬೀಸಿದ್ದು ಅಷ್ಟೇ. ಆಮೇಲೆ ಮತ್ತೆ ಮಾಂಟ್ರಿಯಲ್.

ಬೇರೆ ತಂಡಕ್ಕೆ ಹೋಗಬಹುದಿತ್ತಲ್ಲ ಎಂದರೆ, ಹೋಗುವಂತಿರಲಿಲ್ಲ. ಆಗಿನ ಕರಾರಿನಲ್ಲಿ ರಿಸರ್ವ್ ಕ್ಲಾಸ್ ಎಂಬ ಷರತ್ತು ಇತ್ತು. ಕರಾರು ಮುಗಿದರೂ ಆಟಗಾರನನ್ನು ಮತ್ತೊಂದು ವರ್ಷಕ್ಕೆ ಉಳಿಸಿಕೊಳ್ಳುವ ಹಕ್ಕು ತಂಡದ್ದು, ಆ ವರ್ಷ ಮುಗಿದರೆ ಇನ್ನೊಂದು ವರ್ಷಕ್ಕೆ. ತಂಡ ಬಿಟ್ಟುಕೊಡುವ ತನಕ ಅಥವಾ ಮಾರುವ ತನಕ ಅವನು ಬೇರೆಲ್ಲೂ ಆಡುವ ಹಾಗಿಲ್ಲ. ಈ ಕಟ್ಟು ಸಡಿಲವಾದದ್ದು 1975ರ ಡಿಸೆಂಬರ್‌ನ ಮಧ್ಯಸ್ಥಿಕೆ ತೀರ್ಪಿನಿಂದ. ಕಾನರ್ಸ್ ಕಾಲದಲ್ಲಿ ಡಾಜರ್ಸ್‌ನ ಮುಖ್ಯಸ್ಥ ಬ್ರಾಂಚ್ ರಿಕಿ ಇಪ್ಪತ್ತಕ್ಕೂ ಹೆಚ್ಚು ಮೈನರ್ ತಂಡಗಳ ಜಾಲ ಇಟ್ಟುಕೊಂಡಿದ್ದರು. ಒಬ್ಬೊಬ್ಬ ಆಟಗಾರನ ಹಿಂದೆ ಇನ್ನಷ್ಟು ಮಂದಿ ಸಿದ್ಧ, ಬೇಡವಾದವರನ್ನು ಬೆಲೆ ಇರುವಾಗಲೇ ಮಾರಾಟ. ಬೆಳೆ ಬೆಳೆದು ಮಾರುವ ಹಾಗೆ ಆಟಗಾರರನ್ನು ಬೆಳೆಸಿ ಮಾರುತ್ತಿದ್ದ ಆ ಜಾಲಕ್ಕೆ ಫಾರ್ಮ್ ಸಿಸ್ಟಮ್ ಎಂದೇ ಹೆಸರು. 1950ರ ಅಕ್ಟೋಬರ್‌ನಲ್ಲಿ ಕಾನರ್ಸ್ ಮತ್ತು ಇನ್ನೊಬ್ಬ ಫಸ್ಟ್ ಬೇಸ್ ಆಟಗಾರ ಡೀ ಫಾಂಡಿ ಇಬ್ಬರನ್ನೂ ಕಬ್ಸ್‌ಗೆ ಕೊಟ್ಟು, ಬದಲಿಗೆ ಒಬ್ಬ ಹೊರಮೈದಾನದ ಆಟಗಾರನನ್ನೂ ಹಣವನ್ನೂ ಪಡೆದರು. ಅಂದರೆ ಹೊಸ ತಂಡದಲ್ಲೂ ಒಂದೇ ಜಾಗಕ್ಕೆ ಇಬ್ಬರು! ಸೀಸನ್ ಶುರುವಾದಾಗ ಚಿಕಾಗೊದ ಫಸ್ಟ್ ಬೇಸ್ ಫಾಂಡಿಗೆ ಸಿಕ್ಕಿತು, ಕಾನರ್ಸ್‌ರನ್ನು ಕಬ್ಸ್‌ನ ಮೈನರ್ ತಂಡಕ್ಕೆ ಕಳಿಸಿದರು.

ಆ ಮೈನರ್ ತಂಡ ಇದ್ದದ್ದು ಲಾಸ್ ಏಂಜಲೀಸ್‌ನಲ್ಲಿ.

ಹಿಂಬಡ್ತಿಯ ಊರು

1951ರಲ್ಲಿ ಮಿಸಿಸಿಪ್ಪಿ ನದಿಯ ಆಚೆಗಿನ ಪಶ್ಚಿಮದಲ್ಲಿ ಮೇಜರ್ ಲೀಗ್ ಅಂದರೆ ಸೇಂಟ್ ಲೂಯಿಸ್‌ಗೆ ಮುಗಿಯಿತು. ಡಾಜರ್ಸ್ ತಂಡ ಲಾಸ್ ಏಂಜಲೀಸ್‌ಗೆ ಬಂದದ್ದು 1958ರಲ್ಲಿ. ಅಲ್ಲಿಯ ತನಕ ಕ್ಯಾಲಿಫೋರ್ನಿಯಾದವರಿಗೆ ಪೆಸಿಫಿಕ್ ಕೋಸ್ಟ್ ಲೀಗೇ ದೊಡ್ಡ ಆಟ. ಲಾಸ್ ಏಂಜಲೀಸ್‌ನಲ್ಲಿ ಎರಡು ತಂಡ: ಕಬ್ಸ್ ಮಾಲೀಕರಾದ ರಿಗ್ಲಿ ಕುಟುಂಬದ್ದೇ ಆದ ಏಂಜಲ್ಸ್, ಮತ್ತು ಸಿನಿಮಾ ಮಂದಿ ಪಾಲು ಹಾಕಿದ್ದ ಹಾಲಿವುಡ್ ಸ್ಟಾರ್ಸ್. ಏಂಜಲ್ಸ್ ಮೈದಾನದ ಹೆಸರೂ ರಿಗ್ಲಿ ಫೀಲ್ಡ್, 1925ರಲ್ಲಿ ತೆರೆದದ್ದು. ಬೇಸ್‌ಬಾಲ್ ದೃಶ್ಯ ಬೇಕಾದ ಚಿತ್ರತಂಡಗಳು ಅಲ್ಲಿಗೇ ಕ್ಯಾಮೆರಾ ತರುತ್ತಿದ್ದವು. ಗ್ಯಾಲರಿಯಲ್ಲಿ ನಟರು, ನಿರ್ದೇಶಕರು, ಪಾತ್ರಕ್ಕೆ ಮುಖ ಹುಡುಕುವ ಕಾಸ್ಟಿಂಗ್ ಮಂದಿ ಬಂದು ಕೂರುವುದು ಅಲ್ಲಿ ಮಾಮೂಲು.

ಅಲ್ಲಿ ಕಾನರ್ಸ್ 98 ಪಂದ್ಯದಲ್ಲಿ .321 ಸರಾಸರಿ, 22 ಹೋಮ್ ರನ್ ಹೊಡೆದರು, ಬ್ಯಾಟಿನಿಂದ 77 ರನ್ ಒಳಬಂದವು. ಈ ಅಂಕಿಯನ್ನು ಹಾಗೇ ನಂಬಬಾರದು. ರಿಗ್ಲಿ ಫೀಲ್ಡ್‌ನ ಬೇಲಿ ಎರಡೂ ಓರೆಯಲ್ಲಿ ಸುಮಾರು 345 ಅಡಿ ಮಾತ್ರ ದೂರ, ಬೇರೆ ಮೈದಾನದಲ್ಲಿ ಕ್ಯಾಚ್ ಆಗುವ ಹೊಡೆತ ಅಲ್ಲಿ ಹೋಮ್ ರನ್. ಕಬ್ಸ್ ಆ ಅಂಕಿ ನೋಡಿ ಬೇಸಿಗೆಯ ಮಧ್ಯದಲ್ಲಿ ಅವರನ್ನು ಚಿಕಾಗೊಗೆ ಕರೆಸಿಕೊಂಡಿತು. ಅಲ್ಲಿ ಏನಾಯಿತು ಎಂಬುದು ಮೊದಲೇ ಹೇಳಿದ .239. ಮೇಜರ್ ಲೀಗ್ ಪಿಚರ್‌ಗಳು ಅಷ್ಟು ಉದ್ದ ಕೈಯಿರುವ ಬ್ಯಾಟರ್‌ಗೆ ಎಲ್ಲಿ ಎಸೆಯಬೇಕೆಂದು ಬೇಗ ಕಂಡುಕೊಳ್ಳುತ್ತಾರೆ. ಮೈಗೆ ಹತ್ತಿರ ಬರುವ ವೇಗದ ಚೆಂಡಿಗೆ ಉದ್ದನೆಯ ಕೈಯನ್ನು ಮಡಚಿ ಬ್ಯಾಟ್ ತರುವುದು ತಡವಾಗುತ್ತದೆ. ಎತ್ತರದ ಬ್ಯಾಟರ್‌ಗಳಿಗೆ ಇದು ಇಂದಿಗೂ ಕಾಡುವ ತೊಂದರೆ.

ಲಾಸ್ ಏಂಜಲೀಸ್‌ನಲ್ಲಿ ಜನಕ್ಕೆ ನೆನಪುಳಿದದ್ದು ಅಂಕಿಗಿಂತ ಅವರ ಆಟದ ರೀತಿ. ಹೋಮ್ ರನ್ ಹೊಡೆದರೆ ಬೇಸ್‌ಗಳ ನಡುವೆ ಲಾಗ ಹಾಕುವುದು, ಅಂಪೈರ್ ಜೊತೆ ಗ್ಯಾಲರಿಗೂ ಕೇಳುವ ಹಾಗೆ ವಾದಿಸುವುದು. ಮಾಂಟ್ರಿಯಲ್ ದಿನಗಳಿಂದಲೂ ತಂಡದ ಔತಣಗಳಲ್ಲಿ, ಡ್ರೆಸಿಂಗ್ ರೂಮಿನಲ್ಲಿ ಅವರು ಪದ್ಯ ಒಪ್ಪಿಸುತ್ತಿದ್ದರು: ಒಮ್ಮೆ ಬೇಸ್‌ಬಾಲ್ ಪದ್ಯ, ಇನ್ನೊಮ್ಮೆ ಶೇಕ್ಸ್‌ಪಿಯರ್. ತರಬೇತುದಾರರಿಗೆ ಇದು ಹುಡುಗಾಟ. ಗ್ಯಾಲರಿಯಲ್ಲಿ ಕೂತ ಕಾಸ್ಟಿಂಗ್ ಮಂದಿಯ ಕಣ್ಣಿಗೆ ಅದೇ ಬೇರೆ ಥರ ಕಂಡಿತು. ಇಪ್ಪತ್ತು ಸಾವಿರ ಜನರ ಮುಂದೆ ನಾಚಿಕೆಯಿಲ್ಲದೆ ನಿಲ್ಲಬಲ್ಲವನು, ಕೊನೆಯ ಸಾಲಿಗೂ ದನಿ ಮುಟ್ಟಿಸಬಲ್ಲವನು, ಉದ್ದನೆಯ ಮಾತು ಬಾಯಿಪಾಠ ಮಾಡಬಲ್ಲವನು. ಈ ಮೂರನ್ನು ಹೊಸ ನಟನಿಗೆ ಕಲಿಸಲು ಸ್ಟುಡಿಯೊಗಳು ತಿಂಗಳುಗಟ್ಟಲೆ ಸಂಬಳ ಕೊಟ್ಟು ತರಬೇತಿ ನಡೆಸುತ್ತಿದ್ದ ಕಾಲ ಅದು.

ದುಡ್ಡಿನ ಒತ್ತಡವೂ ಇತ್ತು. 1947ರಿಂದ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 5,000 ಡಾಲರ್, ಅದೂ ಸೀಸನ್ ನಡೆಯುವ ತಿಂಗಳುಗಳಿಗೆ ಮಾತ್ರ. ಚಳಿಗಾಲದಲ್ಲಿ ಆಟಗಾರರು ಅಂಗಡಿಯಲ್ಲೋ ವಿಮೆ ಮಾರುವುದರಲ್ಲೋ ಹೊಟ್ಟೆ ಹೊರೆಯುತ್ತಿದ್ದರು. ಕಾನರ್ಸ್ ಕೂಡ ಯುದ್ಧ ಮುಗಿದ ಮೇಲೆ ಎರಡು ಚಳಿಗಾಲ ಬೋಸ್ಟನ್ ಸೆಲ್ಟಿಕ್ಸ್ ಪರ ವೃತ್ತಿಪರ ಬಾಸ್ಕೆಟ್‌ಬಾಲ್ ಆಡಿದ್ದರು. ಬಾಸ್ಕೆಟ್‌ಬಾಲ್‌ನ ಮೇಲಿನ ಲೀಗ್ ಎನ್‌ಬಿಎ ಮತ್ತು ಮೇಜರ್ ಲೀಗ್ ಬೇಸ್‌ಬಾಲ್ ಎರಡನ್ನೂ ಆಡಿದ ಬೆರಳೆಣಿಕೆಯ ಮಂದಿಯಲ್ಲಿ ಅವರೊಬ್ಬರು. ಅಲ್ಲಿ ಅವರ ಹೆಸರು ಉಳಿದಿರುವುದು ಒಂದು ಅವಘಡಕ್ಕೆ. 1946ರ ನವೆಂಬರ್ 5ರಂದು ಬೋಸ್ಟನ್ ಅರೇನಾದಲ್ಲಿ ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಅವರು ಎಸೆದ ಚೆಂಡಿಗೆ ಬುಟ್ಟಿಯ ಹಿಂದಿನ ಗಾಜಿನ ಹಲಗೆ, ಬ್ಯಾಕ್‌ಬೋರ್ಡ್, ಒಡೆದು ಚೂರಾಯಿತು. ಅವರು ಬುಟ್ಟಿಗೆ ಜೋತುಬಿದ್ದಿರಲಿಲ್ಲ, ದೂರದಿಂದ ಎಸೆದಿದ್ದರು ಅಷ್ಟೇ. ಕಬ್ಬಿಣದ ರಿಂಗಿಗೂ ಗಾಜಿಗೂ ನಡುವೆ ಇರಬೇಕಾದ ರಬ್ಬರ್ ತುಂಡನ್ನು ಹಾಕದೆ ಬಿಟ್ಟಿದ್ದರಿಂದ ರಿಂಗಿನ ಅದುರು ನೇರವಾಗಿ ಗಾಜಿಗೆ ತಾಗಿತ್ತು. ಬೇರೆ ಬೋರ್ಡ್ ತರಿಸಿ ಆಟ ಶುರು ಮಾಡುವಷ್ಟರಲ್ಲಿ ಹೊತ್ತಾಗಿತ್ತು.

ಕಾಲಿಗೆ ಗೊತ್ತಿರುವ ಗುರುತು

ಮೊದಲ ಪಾತ್ರ ಕೊಟ್ಟದ್ದು ಎಂಜಿಎಂ ಸ್ಟುಡಿಯೊ. 1952ರಲ್ಲಿ ಬಿಡುಗಡೆಯಾದ, ಜಾರ್ಜ್ ಕ್ಯೂಕರ್ ನಿರ್ದೇಶನದ 'ಪ್ಯಾಟ್ ಅಂಡ್ ಮೈಕ್'. ಕ್ಯಾಥರಿನ್ ಹೆಪ್‌ಬರ್ನ್ ಆಟಗಾರ್ತಿಯಾಗಿ, ಸ್ಪೆನ್ಸರ್ ಟ್ರೇಸಿ ಆಕೆಯ ಮ್ಯಾನೇಜರ್ ಆಗಿ ನಟಿಸಿದ ಚಿತ್ರ. ಗಾಲ್ಫ್, ಟೆನಿಸ್‌ನ ನಿಜವಾದ ಆಟಗಾರರೇ ಅದರಲ್ಲಿ ತಮ್ಮದೇ ಹೆಸರಿನಲ್ಲಿ ಬಂದು ಹೋಗುತ್ತಾರೆ. ಕಾನರ್ಸ್‌ಗೆ ಸಿಕ್ಕಿದ್ದು ಪೊಲೀಸ್ ಕ್ಯಾಪ್ಟನ್, ಸಣ್ಣ ಪಾತ್ರ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಅವರನ್ನು ಬೇಸ್‌ಬಾಲ್ ಆಟಗಾರನಾಗಿ ತೆರೆಗೆ ತರಲಿಲ್ಲ. ಹೆಸರಾಂತ ಆಟಗಾರರನ್ನು ಸಿನಿಮಾ ಕರೆಯುವುದು ಸಾಮಾನ್ಯವಾಗಿ ಅವರ ಹೆಸರಿಗಾಗಿ. ಹೆಸರಿನ ಬಿಸಿ ಆರಿದ ಮೇಲೆ ಕರೆ ನಿಲ್ಲುತ್ತದೆ. ಕಾನರ್ಸ್‌ಗೆ ಅಂಥ ಹೆಸರೇ ಇರಲಿಲ್ಲ. ಹಾಗಾಗಿ ಮೊದಲ ದಿನದಿಂದಲೇ ನಟನಾಗಿ ಲೆಕ್ಕಕ್ಕೆ ಬಂದರು.

ಫಸ್ಟ್ ಬೇಸ್ ಕಲಿಸಿದ ಒಂದು ವಿದ್ಯೆ ಸೆಟ್‌ನಲ್ಲಿ ನೇರವಾಗಿ ಒದಗುತ್ತದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕ್ಯಾಮೆರಾ ಫೋಕಸ್ ಒಂದು ಅಳತೆಗೆ ನಿಗದಿಯಾಗಿರುತ್ತದೆ. ನಟ ನಡೆದು ಬಂದು ನೆಲದ ಮೇಲೆ ಅಂಟಿಸಿದ ಟೇಪಿನ ಗುರುತಿನಲ್ಲೇ ನಿಲ್ಲಬೇಕು. ಒಂದು ಹೆಜ್ಜೆ ಹೆಚ್ಚು ಕಡಿಮೆಯಾದರೆ ಮುಖ ಮಸುಕು ಅಥವಾ ಬೆಳಕಿನಿಂದ ಹೊರಗೆ. ಹಾಗೆಂದು ಕೆಳಗೆ ನೋಡುವಂತಿಲ್ಲ, ನೋಡಿದರೆ ಟೇಕ್ ಹಾಳು. ಹೊಸಬರು ಒದ್ದಾಡುವುದು ಇಲ್ಲೇ. ಫಸ್ಟ್ ಬೇಸ್ ಆಟಗಾರ ಮಾಡುವುದೂ ಇದನ್ನೇ. ಚೆಂಡು ನೆಲಕ್ಕೆ ಬಿದ್ದ ಕೂಡಲೇ ತನ್ನ ಜಾಗದಿಂದ ಓಡಿ ಬಂದು, ಕಣ್ಣನ್ನು ಎಸೆಯುವವನ ಕೈ ಮೇಲೆ ನೆಟ್ಟು, ಆಗ ಹದಿನೈದು ಇಂಚು ಅಗಲವಿದ್ದ ಬೇಸ್ ಅನ್ನು ಹಿಮ್ಮಡಿಯಿಂದಲೇ ಹುಡುಕಬೇಕು. ದಿನಕ್ಕೆ ಹತ್ತಾರು ಸಲ, ವರ್ಷಕ್ಕೆ ನೂರೈವತ್ತು ದಿನ.

ಇನ್ನೊಂದು, ಸೋಲಿನ ಲೆಕ್ಕ. .300 ಹೊಡೆಯುವವನನ್ನು ಒಳ್ಳೆಯ ಬ್ಯಾಟರ್ ಅನ್ನುತ್ತಾರೆ, ಅವನು ಹತ್ತರಲ್ಲಿ ಏಳು ಸಲ ಔಟ್ ಆಗಿರುತ್ತಾನೆ. ಆಡಿಷನ್‌ಗೆ ಹೋಗಿ ಬರಿಗೈಲಿ ಬರುವುದು ಅಂಥವನಿಗೆ ಹೊಸದಲ್ಲ.

ಆದರೂ ಅವರು ಕೂಡಲೇ ಆಟ ಬಿಡಲಿಲ್ಲ. 1952ರಲ್ಲಿ ಮತ್ತೆ ಏಂಜಲ್ಸ್‌ಗೆ ಆಡಿದರು, ಸರಾಸರಿ .259ಕ್ಕೆ, ಹೋಮ್ ರನ್ 6ಕ್ಕೆ ಇಳಿಯಿತು. 1953ರ ಸೀಸನ್‌ಗೆ ಮುಂಚೆ ಬಿಟ್ಟರು. ಒಂದು ಕಾಲು ಮೈದಾನದಲ್ಲಿ ಇಟ್ಟುಕೊಂಡೇ ಇನ್ನೊಂದನ್ನು ಸೆಟ್‌ಗೆ ಚಾಚಿದ ಈ ಒಂದು ವರ್ಷ ಪ್ರಕರಣದ ಅತಿ ಜಾಣ ಭಾಗ. ನಾಲ್ಕು ಗಂಡುಮಕ್ಕಳ ಸಂಸಾರ ಕಟ್ಟುತ್ತಿದ್ದವರು ಒಂದೇ ಪಾತ್ರ ನಂಬಿ ಸಂಬಳ ಬಿಟ್ಟಿದ್ದರೆ ಎರಡೂ ಕೈತಪ್ಪುವ ಸಾಧ್ಯತೆಯೇ ಹೆಚ್ಚಿತ್ತು.

ಆಮೇಲಿನ ಐದು ವರ್ಷ ದುಡಿಮೆಯ ವರ್ಷಗಳು. 1953ರಲ್ಲಿ ಜಾನ್ ವೇಯ್ನ್ ಜೊತೆ ಫುಟ್‌ಬಾಲ್ ಚಿತ್ರವೊಂದರಲ್ಲಿ ಸಹಾಯಕ ಕೋಚ್, ಬರ್ಟ್ ಲ್ಯಾಂಕಾಸ್ಟರ್ ಜೊತೆ ಸೈನಿಕ, ಟಿವಿಯ ಅತಿಥಿ ಪಾತ್ರಗಳು. ಹೆಚ್ಚಿನವು ಗೂಂಡಾ, ಸೈನಿಕ, ಕೌಬಾಯ್. ಎತ್ತರವೇ ಇಲ್ಲಿ ಅಡ್ಡಿಯಾಯಿತು. ನಾಯಕನಿಗಿಂತ ಅರ್ಧ ಅಡಿ ಎತ್ತರದ ಮನುಷ್ಯನನ್ನು ಒಂದೇ ಫ್ರೇಮಿನಲ್ಲಿ ನಿಲ್ಲಿಸುವುದು ಛಾಯಾಗ್ರಾಹಕನಿಗೆ ತಲೆನೋವು. ಒಬ್ಬನನ್ನು ಪೆಟ್ಟಿಗೆ ಮೇಲೆ ನಿಲ್ಲಿಸಬೇಕು ಅಥವಾ ಇನ್ನೊಬ್ಬನನ್ನು ಕೂರಿಸಬೇಕು. ಹಾಗಾಗಿ ಎತ್ತರದವರು ಖಳರಾಗಿ ಉಳಿದುಬಿಡುತ್ತಾರೆ. ಖಳ ಎತ್ತರವಿದ್ದಷ್ಟೂ ನಾಯಕನ ಗೆಲುವು ದೊಡ್ಡದು.

ಕಟ್ಟು ಬಿಡಿಸಿದ ಎರಡು ಪಾತ್ರ ಬೆನ್ನುಬೆನ್ನಿಗೆ ಬಂದವು. 1957ರ 'ಓಲ್ಡ್ ಯೆಲ್ಲರ್' ಚಿತ್ರದಲ್ಲಿ ಕಳೆದುಹೋದ ತನ್ನ ನಾಯಿಯನ್ನು ಕೇಳಿಕೊಂಡು ಬರುವ ದನಗಾಹಿ. ಹುಡುಗ ನಾಯಿಯನ್ನು ಹಚ್ಚಿಕೊಂಡದ್ದು ನೋಡಿ, ಒಂದು ಊಟ ಮತ್ತು ಒಂದು ಓತಿಯ ಬದಲಿಗೆ ಅದನ್ನು ಬಿಟ್ಟುಕೊಟ್ಟು ಹೋಗುತ್ತಾನೆ. 1958ರಲ್ಲಿ ವಿಲಿಯಂ ವೈಲರ್ ಅವರ 'ದಿ ಬಿಗ್ ಕಂಟ್ರಿ'ಯಲ್ಲಿ ಅದಕ್ಕೆ ತದ್ವಿರುದ್ಧ: ಅಬ್ಬರದ ಪುಂಡ, ದ್ವಂದ್ವಯುದ್ಧದಲ್ಲಿ ಸರದಿಗೆ ಮುಂಚೆ ಗುಂಡು ಹಾರಿಸಿ, ಆಮೇಲೆ ಹೆದರಿ ಗಾಡಿಯ ಕೆಳಗೆ ತೂರಿಕೊಳ್ಳುವವನು. ಅಷ್ಟು ದೊಡ್ಡ ಮೈಯ ಮನುಷ್ಯ ಕುಗ್ಗಿ ಮುದುಡುವುದನ್ನು ನೋಡಿದರೆ ನಟನೆ ಎಷ್ಟು ಬೆಳೆದಿತ್ತು ಎಂದು ತಿಳಿಯುತ್ತದೆ.

ರೈಫಲ್

'ದಿ ರೈಫಲ್‌ಮ್ಯಾನ್' 1958ರ ಸೆಪ್ಟೆಂಬರ್ 30ರಂದು ಎಬಿಸಿ ವಾಹಿನಿಯಲ್ಲಿ ಶುರುವಾಯಿತು. ಅರ್ಧ ಗಂಟೆಯ ಕಂತು, ಕಪ್ಪುಬಿಳುಪು. 1880ರ ದಶಕದ ನ್ಯೂ ಮೆಕ್ಸಿಕೊದಲ್ಲಿ ಹೆಂಡತಿ ತೀರಿಕೊಂಡ ರೈತನೊಬ್ಬ ಮಗನನ್ನು ಬೆಳೆಸುವ ಕಥೆ. ಮೊದಲ ಸಲ ಈ ಪಾತ್ರ ಬಂದಾಗ ಕಾನರ್ಸ್ ಒಪ್ಪಲಿಲ್ಲ, ಬಿಡಿ ಪಾತ್ರಗಳಿಂದ ಬರುತ್ತಿದ್ದ ದುಡ್ಡಿಗಿಂತ ಸಂಬಳ ಕಡಿಮೆಯಿತ್ತು. ನಿರ್ಮಾಪಕರು ತಮ್ಮ ಮಕ್ಕಳನ್ನು 'ಓಲ್ಡ್ ಯೆಲ್ಲರ್' ನೋಡಲು ಕರೆದೊಯ್ದಾಗ ಆ ನಾಯಿಯ ದೃಶ್ಯ ಕಂಡರು, ಮತ್ತೆ ಬಂದರು. ಈ ಸಲ ಸಂಬಳ ಏರಿತು, ಜೊತೆಗೆ ಧಾರಾವಾಹಿಯ ಒಡೆತನದಲ್ಲಿ ಶೇಕಡಾ 5 ಪಾಲು. ಹತ್ತು ವರ್ಷ ರಿಸರ್ವ್ ಕ್ಲಾಸ್ ಅಡಿಯಲ್ಲಿ ತನ್ನ ಬೆಲೆಯ ಬಗ್ಗೆ ತುಟಿ ಬಿಚ್ಚಲಾಗದಿದ್ದ ಮನುಷ್ಯ ಇಲ್ಲಿ 'ಆಗಲ್ಲ' ಎಂದು ಹೇಳಿ ಕಾಯುವುದನ್ನು ಕಲಿತಿದ್ದರು.

ಇನ್ನು ಆ ಬಂದೂಕು. .44-40 ತೋಟಾದ, 20 ಇಂಚು ನಳಿಗೆಯ ವಿಂಚೆಸ್ಟರ್ 1892 ಮಾದರಿ. ಕಥೆಯ ಕಾಲಕ್ಕೆ ಅದು ಹುಟ್ಟಿಯೇ ಇರಲಿಲ್ಲ. ಆದರೂ ಸಿನಿಮಾದವರು ಅದನ್ನೇ ಬಯಸುತ್ತಿದ್ದರು. ಜಾನ್ ಬ್ರೌನಿಂಗ್ ವಿನ್ಯಾಸದ ಈ ರೈಫಲ್ ಪಿಸ್ತೂಲಿನಲ್ಲೂ ಬಳಸುವ ಗಿಡ್ಡ ತೋಟಾಕ್ಕೆ ಮಾಡಿದ್ದು, ಆದ್ದರಿಂದ ಹಗುರ, ಲಿವರ್‌ನ ಚಲನೆಯೂ ಚಿಕ್ಕದು. ಸಾಮಾನ್ಯ ಲಿವರ್ ರೈಫಲ್‌ನಲ್ಲಿ ಎರಡು ಕೆಲಸ ಬೇರೆ ಬೇರೆ. ಲಿವರ್ ಕೆಳಗೆ ತಳ್ಳಿದರೆ ಖಾಲಿ ತೋಟಾ ಹೊರಬಿದ್ದು ಸುತ್ತಿಗೆ ಏರುತ್ತದೆ, ಮೇಲೆಳೆದರೆ ಹೊಸ ತೋಟಾ ಒಳಹೋಗಿ, ಅದರ ಹಿಂದೆ ಬಾಗಿಲಿನಂತಿರುವ ಬೋಲ್ಟ್ ಮುಚ್ಚುತ್ತದೆ. ಆಮೇಲೆ ಬೆರಳಿನಿಂದ ಟ್ರಿಗರ್. ಹಾಲಿವುಡ್‌ಗೆ ಬಾಡಿಗೆ ಬಂದೂಕು ಒದಗಿಸುತ್ತಿದ್ದ ಸ್ಟೆಂಬ್ರಿಜ್ ಅಂಗಡಿಯವರು ಇದರಲ್ಲಿ ಎರಡು ಬದಲಾವಣೆ ಮಾಡಿಕೊಟ್ಟರು. ಲಿವರ್‌ನ ಬಳೆಯನ್ನು ದೊಡ್ಡದು ಮಾಡಿದರು, ಕೈ ಒಳಗಿರುವಾಗಲೇ ರೈಫಲ್ ಸುತ್ತು ತಿರುಗಲಿ ಎಂದು. ಟ್ರಿಗರ್ ಗಾರ್ಡ್‌ನಲ್ಲಿ ಒಂದು ಸ್ಕ್ರೂ ಕೂರಿಸಿ ನಟ್‌ನಿಂದ ಬಿಗಿದರು. ಲಿವರ್ ಮುಚ್ಚಿಕೊಂಡಾಗ ಸ್ಕ್ರೂವಿನ ತುದಿಯೇ ಟ್ರಿಗರ್ ಒತ್ತುತ್ತದೆ, ಬೆರಳು ಬೇಡ. ಲಿವರ್ ಆಡಿಸಿದಷ್ಟು ವೇಗಕ್ಕೆ ಗುಂಡು.

ಸ್ಕ್ರೂ ಎಷ್ಟು ಹೊರಚಾಚಿರಬೇಕು ಅನ್ನುವುದರಲ್ಲೇ ಎಲ್ಲ ಇದೆ. ಕಡಿಮೆಯಾದರೆ ಟ್ರಿಗರ್ ಮುಟ್ಟುವುದಿಲ್ಲ, ಟೇಕ್ ವ್ಯರ್ಥ. ಹೆಚ್ಚಾದರೆ ಬೋಲ್ಟ್ ಪೂರ್ತಿ ಬೀಗ ಬೀಳುವ ಮೊದಲೇ ಸುತ್ತಿಗೆ ಬೀಳಬಹುದು. ನಿಜವಾದ ತೋಟಾ ಇದ್ದರೆ ಒತ್ತಡ ಹಿಂದಕ್ಕೆ ನುಗ್ಗುವ ಅಪಾಯ ಅದು. ಲಿವರ್ ಪಯಣದ ಕಟ್ಟಕಡೆಯ ಕೂದಲೆಳೆಯಲ್ಲಿ ಮಾತ್ರ ಸ್ಕ್ರೂ ತಾಗುವಂತೆ ಹೊಂದಿಸಿರಬೇಕು. ಅದುರಿಗೆ ಸಡಿಲವಾಗದಿರಲೆಂದೇ ಆ ನಟ್. ಮಾಮೂಲಿನಂತೆ ಗುರಿಯಿಟ್ಟು ಹೊಡೆಯುವ ದೃಶ್ಯಕ್ಕೆ ಸ್ಕ್ರೂವನ್ನು ಹಿಂದೆಗೆದು ಬೆರಳಿನಿಂದಲೇ ಟ್ರಿಗರ್ ಒತ್ತಬಹುದು. ಶೂಟಿಂಗ್‌ನಲ್ಲಿ ಬಳಸಿದ್ದು ಕಾಲು ಪಾಲು ಮದ್ದಿನ ಬ್ಲ್ಯಾಂಕ್, ಅಂದರೆ ಗುಂಡಿಲ್ಲದ ತೋಟಾ, 'ಫೈವ್ ಇನ್ ಒನ್' ಎಂಬ ಬಗೆಯದು. ಮೂರು ಅಳತೆಯ ರಿವಾಲ್ವರ್, ಎರಡು ಅಳತೆಯ ರೈಫಲ್ ಐದಕ್ಕೂ ಒಂದೇ ಬ್ಲ್ಯಾಂಕ್ ಹೊಂದುತ್ತದೆ, ಅದಕ್ಕೇ ಆ ಹೆಸರು. ಬ್ಲ್ಯಾಂಕ್ ಎಂದು ಹಗುರವಾಗಿ ನೋಡುವ ಹಾಗಿಲ್ಲ, ಹತ್ತಿರದಲ್ಲಿ ಅದರ ಬೆಂಕಿ ಮತ್ತು ತುಣುಕು ಗಾಯ ಮಾಡುತ್ತವೆ.

ಶೀರ್ಷಿಕೆ ದೃಶ್ಯದಲ್ಲಿ ಕಾನರ್ಸ್ ನಡೆದು ಬರುತ್ತ ಸೊಂಟದ ಮಟ್ಟದಿಂದಲೇ ಸುರಿಸುವ ಗುಂಡನ್ನು ಎಣಿಸಿದರೆ ಹತ್ತಿರದ ಶಾಟ್‌ನಲ್ಲಿ 7, ಕ್ಯಾಮೆರಾ ಬದಲಾದ ಮೇಲೆ 5, ಒಟ್ಟು 12. 20 ಇಂಚಿನ ನಳಿಗೆಯ ಕೆಳಗಿನ ಕೊಳವೆಯಲ್ಲಿ ಹಿಡಿಸುವುದೂ 12. ಹೀಗೆ ಹೊಡೆದರೆ ಗುರಿ ಸಿಗುವುದು ಕಷ್ಟ. ಗುಂಡು ಹಾರುವ ಕ್ಷಣವನ್ನು ಬೆರಳು ನಿರ್ಧರಿಸುತ್ತಿಲ್ಲ, ಲಿವರ್ ಮೇಲೆಳೆಯುವ ರಭಸದಲ್ಲಿ ಮೂತಿಯೂ ಅಲುಗಾಡುತ್ತದೆ. ಕ್ಯಾಮೆರಾಕ್ಕೆ ಬೇಕಾದದ್ದು ಲಯ, ಅದನ್ನು ಅವರು ಕೊಟ್ಟರು. ಸುಮಾರು ಆರು ಪೌಂಡ್ ತೂಕದ ರೈಫಲ್ ಒಂದೇ ಕೈಯಲ್ಲಿ ಸುತ್ತು ಹೊಡೆಯುವಾಗ ನಳಿಗೆಯ ತುದಿ ಕಂಕುಳಿಗೆ, ತೊಡೆಗೆ ಬಡಿಯದಂತೆ ಹಾದುಹೋಗಬೇಕು. ಗಿಡ್ಡ ಮನುಷ್ಯನಿಗೆ ಈ ನಳಿಗೆಯನ್ನು ಕತ್ತರಿಸಿಯೇ ಕೊಡಬೇಕಾದೀತು. ಮೈದಾನದಲ್ಲಿ ಒಳಗೆ ಬಂದ ಚೆಂಡಿಗೆ ಮಡಚಲಾರದ ಆ ಉದ್ದನೆಯ ಕೈ ಇಲ್ಲಿ ಬೇಕಾದಷ್ಟು ಜಾಗ ಮಾಡಿಕೊಟ್ಟಿತು.

ಮೊದಲ ವರ್ಷವೇ 40 ಕಂತು. ಮುಂದೆ 36, 34, 32, 26. ಐದು ವರ್ಷಕ್ಕೆ 168. ಮೊದಲ ಸೀಸನ್‌ನಲ್ಲಿ ಇಡೀ ಅಮೆರಿಕದಲ್ಲಿ ವೀಕ್ಷಕರ ಲೆಕ್ಕದಲ್ಲಿ ನಾಲ್ಕನೇ ಸ್ಥಾನ. ವಾರ ವಾರವೂ ಹೊಸ ಕಥೆ, ಕುದುರೆ ಸವಾರಿ, ಹೊಡೆದಾಟ. ನೂರೈವತ್ತು ಪಂದ್ಯದ ಸೀಸನ್‌ಗೆ ಒಗ್ಗಿದ ಮೈ ಅಲ್ಲದಿದ್ದರೆ ಈ ದುಡಿತ ತಾಳುವುದು ಸುಲಭವಲ್ಲ. ಮಗನಾಗಿ ನಟಿಸಿದ ಜಾನಿ ಕ್ರಾಫರ್ಡ್‌ಗೆ ಬಿಡುವಿನಲ್ಲಿ ಬೇಸ್‌ಬಾಲ್ ಹೇಳಿಕೊಡುತ್ತಿದ್ದರು.

ಗೆದ್ದದ್ದೇ ಗೋಡೆಯಾದಾಗ

1963ರ ಏಪ್ರಿಲ್‌ನಲ್ಲಿ ಧಾರಾವಾಹಿ ಮುಗಿಯಿತು, ತೊಂದರೆ ಶುರುವಾಯಿತು. ಜನರ ಕಣ್ಣಲ್ಲಿ ಆ ಮುಖಕ್ಕೂ ಆ ರೈಫಲ್‌ಗೂ ಬೆಸುಗೆ ಬಿದ್ದಿತ್ತು. ಅದೇ ವರ್ಷ ಅವರು ರೈಫಲ್ ಕೆಳಗಿಟ್ಟು 'ಅರೆಸ್ಟ್ ಅಂಡ್ ಟ್ರಯಲ್' ಎಂಬ ತೊಂಬತ್ತು ನಿಮಿಷದ ಧಾರಾವಾಹಿಯಲ್ಲಿ ವಕೀಲರಾದರು. ಮೊದಲರ್ಧ ಪೊಲೀಸರು ಆರೋಪಿಯನ್ನು ಹಿಡಿಯುವುದು, ಎರಡನೆಯರ್ಧ ವಕೀಲ ಅವನನ್ನು ಬಿಡಿಸಲು ಹೆಣಗುವುದು. ಕಟ್ಟಡದಲ್ಲೇ ಬಿರುಕಿತ್ತು: ಇಬ್ಬರು ನಾಯಕರಲ್ಲಿ ಒಬ್ಬರು ಸರಿಯಾದರೆ ಇನ್ನೊಬ್ಬರು ತಪ್ಪಬೇಕು. ಒಂದೇ ವರ್ಷಕ್ಕೆ ನಿಂತಿತು. 1965ರಲ್ಲಿ ಮತ್ತೆ ವೆಸ್ಟರ್ನ್‌ಗೆ, ಅಂದರೆ ಕೌಬಾಯ್ ಕಾಲದ ಕಥೆಗೆ, ಮರಳಿದರು, 'ಬ್ರ್ಯಾಂಡೆಡ್' 48 ಕಂತು ನಡೆಯಿತು. ಬೆಸುಗೆ ನಿಜವಾಗಿ ಬಿಟ್ಟದ್ದು 1977ರ ಟಿವಿ ಧಾರಾವಾಹಿ 'ರೂಟ್ಸ್'ನಲ್ಲಿ. ಗುಲಾಮರನ್ನು ಇಟ್ಟುಕೊಂಡ, ಅವರ ಹೆಣ್ಣುಮಕ್ಕಳ ಮೇಲೆ ಎರಗುವ ಟಾಮ್ ಮೂರ್ ಪಾತ್ರ. ಒಂದು ತಲೆಮಾರು ಆದರ್ಶ ಅಪ್ಪ ಎಂದು ನೋಡಿದ್ದ ಮುಖದಲ್ಲಿ ಆ ಕ್ರೌರ್ಯ ಕಂಡಾಗ ತಟ್ಟಿದ ಪರಿಯೇ ಬೇರೆ. ಆ ಪಾತ್ರಕ್ಕೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿಯ ನಾಮನಿರ್ದೇಶನ ಸಿಕ್ಕಿತು.

ಈ ನಡುವೆ 1966ರ ವಸಂತದಲ್ಲಿ ಹಳೆಯ ಲೋಕ ಅವರನ್ನು ಇನ್ನೊಮ್ಮೆ ಕರೆಯಿತು. ಡಾಜರ್ಸ್‌ನ ಇಬ್ಬರು ಮುಖ್ಯ ಪಿಚರ್‌ಗಳು, ಸ್ಯಾಂಡಿ ಕೌಫ್ಯಾಕ್ಸ್ ಮತ್ತು ಡಾನ್ ಡ್ರೈಸ್‌ಡೇಲ್, ಜೊತೆಯಾಗಿ ಸಂಬಳ ಕೇಳಿ, ಸಿಗುವ ತನಕ ಅಭ್ಯಾಸ ಶಿಬಿರಕ್ಕೆ ಬರುವುದಿಲ್ಲ ಎಂದು ಕೂತರು. ರಿಸರ್ವ್ ಕ್ಲಾಸ್ ಇದ್ದ ಕಾಲದಲ್ಲಿ ಇಬ್ಬರು ಒಟ್ಟಿಗೆ ಚೌಕಾಸಿ ಮಾಡುವುದು ತಂಡದ ಮಾಲೀಕರಿಗೆ ಕೇಳರಿಯದ ಮಾತು. ಸುಮಾರು ಒಂದು ತಿಂಗಳು ಹಗ್ಗಜಗ್ಗಾಟ ನಡೆದ ಮೇಲೆ ಡ್ರೈಸ್‌ಡೇಲ್ ಮತ್ತು ಡಾಜರ್ಸ್ ಜನರಲ್ ಮ್ಯಾನೇಜರ್ ಬಜಿ ಬವಾಸಿಯನ್ನು ಮತ್ತೆ ಮಾತಿಗೆ ಕೂರಿಸಲು ನಡುವೆ ನಿಂತವರು ಕಾನರ್ಸ್. ಇಬ್ಬರಿಗೂ ಅವರ ಮೇಲೆ ವಿಶ್ವಾಸವಿತ್ತು. ಡ್ರೈಸ್‌ಡೇಲ್ 'ದಿ ರೈಫಲ್‌ಮ್ಯಾನ್'ನಲ್ಲಿ ಅತಿಥಿ ಪಾತ್ರ ಮಾಡಿದ್ದವರು. ಬವಾಸಿ ಕಾನರ್ಸ್‌ರ ಮಾಂಟ್ರಿಯಲ್ ದಿನಗಳಲ್ಲಿ ಅಲ್ಲಿನ ತಂಡದ ಉಸ್ತುವಾರಿ ಹೊತ್ತಿದ್ದವರು. ಕೊನೆಗೆ ಕೌಫ್ಯಾಕ್ಸ್‌ಗೆ 1,25,000 ಡಾಲರ್, ಡ್ರೈಸ್‌ಡೇಲ್‌ಗೆ 1,10,000 ಡಾಲರ್ ಎಂದು ತೀರ್ಮಾನವಾಯಿತು.

ಕಾನರ್ಸ್ 1992ರ ನವೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು, 71ನೇ ವಯಸ್ಸಿನಲ್ಲಿ. ಸ್ಯಾನ್ ಫರ್ನಾಂಡೊ ಮಿಷನ್ ಸ್ಮಶಾನದ ಅವರ ಸಮಾಧಿ ಕಲ್ಲಿನಲ್ಲಿ ರೈಫಲ್ ಹಿಡಿದ ಚಿತ್ರವಿದೆ, ಸುತ್ತ ಮೂರು ತಂಡಗಳ ಲಾಂಛನ: ಸೆಲ್ಟಿಕ್ಸ್, ಕಬ್ಸ್, ಮತ್ತು ಒಂದೇ ಒಂದು ಸಲ ಬ್ಯಾಟ್ ಬೀಸಿದ ಡಾಜರ್ಸ್.